ಆರು ಗೆರೆಯ ಪುಸ್ತಕ, ನಾಲ್ಕು ತಂತಿಯ ವಾದ್ಯ

ತಿಪಟೂರಿನಲ್ಲಿ ನನ್ನ ಯುಕುಲೆಲೆಯನ್ನು ಮೊದಲು ಕೈಗೆತ್ತಿಕೊಂಡವರು ನಮ್ಮ ಮನೆಯೊಡತಿ ಗೌರಮ್ಮನವರು. ಎತ್ತಿಕೊಂಡವರು ತಂತಿ ಮೀಟಲಿಲ್ಲ. ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದರು. ಆಮೇಲೆ ಅದರ ಬೆನ್ನಿಗೆ ಬೆರಳಗೆಣ್ಣಿನಿಂದ ಎರಡು ಸಲ ಕುಟ್ಟಿದರು.

"ಒಳಗೇನೂ ಅಲ್ಲಾಡ್ತಿಲ್ವಲ್ರೀ?" ಎಂದರು.

ನಾನು ಹೆಚ್ಚುಕಡಿಮೆ ಕಿತ್ತುಕೊಂಡೆ. ಇಲ್ಲಿ ತೆಂಗಿನಕಾಯಿಯನ್ನು ಒಡೆಯದೆ ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟಿರುತ್ತಾರೆ. ನೀರು ಆರಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಈ ಸೀಮೆಯವರು ಕೈಗೆ ಸಿಕ್ಕ ಗುಂಡನೆಯ ವಸ್ತುವನ್ನೆಲ್ಲ ಹೀಗೆ ಪರೀಕ್ಷೆ ಮಾಡುತ್ತಾರೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಮುಂಬಯಿಯಿಂದ ಮಡಿಲಲ್ಲಿಟ್ಟುಕೊಂಡು ತಂದದ್ದನ್ನು ಯಾರೋ ಕಾಯಿಯಂತೆ ಕುಲುಕಿದರು.

"ಕ್ವಾಪ ಮಾಡ್ಕೋಬ್ಯಾಡಿ. ಇದು ಗಿಟಾರಿನ ಮರೀನಾ?" ಎಂದು ಕೇಳಿದರು ಗೌರಮ್ಮ. ಆ ಪ್ರಶ್ನೆಗೂ ನನಗೆ ಕೋಪವೇ ಬಂತು.

ನನ್ನ ಗಂಡ ದುಡಿಯುತ್ತಿದ್ದ ಬಟ್ಟೆ ಗಿರಣಿ ಬಾಗಿಲು ಹಾಕಿದ ಮೇಲೆ ನಾವು ಇಲ್ಲಿಗೆ ಬಂದೆವು. ದೂರದ ಸಂಬಂಧಿಯೊಬ್ಬರು ಅವರಿಗೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತೆಯ ಕೆಲಸ ಕೊಡಿಸಿದ್ದರು. ನನಗಾಗ ನಲವತ್ತಾರು ವರ್ಷ. ಮುಂಬಯಿಯ ಸಾಲುಮನೆಯ ಚಾಳಿನಲ್ಲಿ ಹುಟ್ಟಿ ಚಾಳಿನಲ್ಲೇ ಸಂಸಾರ ಮಾಡಿದವಳು. ಅಲ್ಲಿ ಗೋಡೆಯಾಚೆ ಕೆಮ್ಮಿದವರು ಯಾರೆಂದು ಹೆಸರು ಹೇಳಬಲ್ಲವಳಾಗಿದ್ದೆ. ಇಲ್ಲಿ ಪಕ್ಕದ ಮನೆಗೂ ನಮಗೂ ನಡುವೆ ಹನ್ನೆರಡು ತೆಂಗಿನ ಮರ. ಅಲ್ಲಿ ನಲ್ಲಿಯ ಮುಂದೆ ಸಾಲು, ಇಲ್ಲಿ ಸೇದುವ ಬಾವಿ. ಮೊದಲ ವಾರವೇ ಅಂಗೈಯಲ್ಲಿ ಬೊಬ್ಬೆ ಎದ್ದವು. ಅಲ್ಲಿ ಕಾಯಿತುರಿಯನ್ನು ಚಮಚದಲ್ಲಿ ಅಳೆಯುತ್ತಿದ್ದವಳು ಇಲ್ಲಿ ಹಿಡಿಹಿಡಿಯಾಗಿ ಹಾಕಲು ಕಲಿತೆ. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ಗಂಟಲಿಗೆ ಒಪ್ಪಿಗೆಯಾಗಲು ಮೂರು ತಿಂಗಳು ಹಿಡಿಯಿತು.

ಮಾತಿನ ಅವಮಾನ ಮಾತ್ರ ನಿಲ್ಲಲೇ ಇಲ್ಲ. ನಾನು "ಅರ್ಧ ಕಿಲೋ ಹುರುಳಿಕಾಯಿ ಬೇಕಾಗಿತ್ತು" ಎಂದರೆ ಅಂಗಡಿಯಾಕೆ, "ರೇಡಿಯೋದಾಗೆ ಮಾತಾಡ್ದಂಗೆ ಮಾತಾಡ್ತೀರಲ್ಲ ಕಣಕ್ಕ!" ಎಂದು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಸುತ್ತ ಮರಾಠಿ ತುಂಬಿದ ಊರಿನಲ್ಲಿ ಮೂರು ತಲೆಮಾರು ಕನ್ನಡ ಉಳಿಸಿಕೊಂಡ ಮನೆ ನಮ್ಮದೆಂದು ನಾವೆಲ್ಲ ಅಲ್ಲಿ ಎಷ್ಟು ಬೀಗುತ್ತಿದ್ದೆವು! ಇಲ್ಲಿ ಅದಕ್ಕೆ ಸಿಕ್ಕ ಮರ್ಯಾದೆ ಇದು.

ಯುಕುಲೆಲೆ ಎಂದರೆ ಗಿಟಾರಿನಂತೆಯೇ ಕಾಣುವ, ನಾಲ್ಕೇ ತಂತಿಯ ಪುಟ್ಟ ವಾದ್ಯ. ಅದನ್ನು ನನಗೆ ಕಲಿಸಿದವಳು ಚಾಳಿನ ನೆರೆಯವಳು ಫಿಲೋಮಿನಾ. ಇಬ್ಬರೂ ಒಂದೇ ಶಿಶುವಿಹಾರದಲ್ಲಿ ದುಡಿಯುತ್ತಿದ್ದೆವು. ಕಲಿಸಿದಳು ಎಂದರೆ, ಅವಳ ಬೆರಳು ಎಲ್ಲಿ ಕೂತಿತೋ ಅಲ್ಲಿ ನಾನೂ ಬೆರಳಿಟ್ಟೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಕಾರ್ಡ್ ಎನ್ನುತ್ತಾರೆ. ಅವಳು ತೋರಿಸಿದ ಕಾರ್ಡುಗಳ ಹೆಸರನ್ನು ನಾನು ಕೇಳಲೂ ಇಲ್ಲ. ಹಾಗೇ ಎಂಟು ಹಾಡು ಕೈಗೆ ಬಂದವು, ಎಲ್ಲವೂ ಮರಾಠಿ ಮತ್ತು ಇಂಗ್ಲಿಷಿನವು. ಹೊರಡುವ ದಿನ ತನ್ನ ವಾದ್ಯವನ್ನೇ ನನ್ನ ಕೈಗಿಟ್ಟಳು.

ಇಲ್ಲಿನ ಹೊಸ ಶಿಶುವಿಹಾರವೊಂದರಲ್ಲಿ ನನಗೂ ಕೆಲಸ ಸಿಕ್ಕಿತು. ಒಂದು ವರ್ಷ ನೋಡಿ ಆಮೇಲೆ ಕಾಯಂ ಎಂಬ ಮಾತು. ಅದರ ಕಾರ್ಯದರ್ಶಿ ಊರಿನ ಕೊಬ್ಬರಿ ವ್ಯಾಪಾರಿಗಳಲ್ಲೊಬ್ಬರು, ಸದಾ ಎದ್ದು ಹೋಗುವ ಆತುರದಲ್ಲಿರುವವರು.

"ನಮ್ ಮಕ್ಳಿಗೆ ನಮ್ ಹಾಡೇ ಹೇಳ್ಕೊಡ್ಬೇಕು ಕಣಮ್ಮ. ಈ ಬೊಂಬಾಯಿ ಪಿಟೀಲಲ್ಲಿ ಅದು ಆಯ್ತದಾ? ಸ್ಕೂಲ್ ಡೇ ದಿವ್ಸ ನೋಡಾನ. ಆಗ್ಲಿಲ್ಲ ಅಂದ್ರೆ ಹಾರ್ಮೋನಿಯಂ ರುದ್ರಯ್ಯ ಅವ್ರೆ, ಅವ್ರನ್ನೇ ಕರೆಸ್ತೀನಿ."

"ಇದು ಪಿಟೀಲಲ್ಲ," ಎಂದೆ. ಅವರು ಆಗಲೇ ಬಾಗಿಲಾಚೆ ಇದ್ದರು.

ಮಂಡಿಯ ಸಂಬಳದಲ್ಲಿ ನಮ್ಮಿಬ್ಬರ ಹೊಟ್ಟೆ ತುಂಬುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಇಡೀ ಊರಿನಲ್ಲಿ ನನ್ನ ಮಾತಿಗೆ ನಗದೆ ಉತ್ತರ ಕೊಡುತ್ತಿದ್ದವರು ಆ ಮೂವತ್ತು ಮಕ್ಕಳು ಮಾತ್ರ. ಆ ಕೋಣೆ ಕೈತಪ್ಪಿದರೆ ನನಗೆ ಉಳಿಯುತ್ತಿದ್ದದ್ದು ಬಾವಿ ಮತ್ತು ಹನ್ನೆರಡು ಮರ.

ಇಲ್ಲಿನ ಮಕ್ಕಳ ಹಾಡುಗಳಿಗೆ ಫಿಲೋಮಿನಾ ಕಲಿಸಿದ ಬೆರಳಿನ ಜಾಗಗಳು ಸಾಲಲಿಲ್ಲ. ಕಾರ್ಡುಗಳ ಪುಸ್ತಕ ಬೇಕಾಯಿತು. ಬೆಂಗಳೂರಿನ ಒಂದು ಅಂಗಡಿಗೆ ಪತ್ರ ಬರೆದೆ. ಮೂರು ಪುಸ್ತಕಗಳ ವಿವರ ಬಂತು: ಒಂದು ಇಂಗ್ಲಿಷ್ ಹಾಡುಗಳದು, ಒಂದು ಪಾಶ್ಚಾತ್ಯ ಸ್ವರಲಿಪಿಯದು, ಒಂದು ಬರೀ ಚಿತ್ರಗಳದು. ಆ ಹಾಡುಗಳು ನನಗೆ ಬೇಡ, ಲಿಪಿ ಓದಲು ಬಾರದು. ಚಿತ್ರದ್ದನ್ನು ಆರಿಸಿದೆ. ಗೆರೆಗಳು ತಂತಿ, ಚುಕ್ಕೆ ಬೆರಳು. ಫಿಲೋಮಿನಾಳ ಕೈ ನೋಡಿದಂತೆಯೇ ನೋಡಿ ಕಲಿಯಬಹುದು. ಆ ಆಯ್ಕೆ ಸರಿಯೆಂದು ಇವತ್ತೂ ವಾದಿಸುತ್ತೇನೆ. "ನಾಲ್ಕು ತಂತಿಯ ಯುಕುಲೆಲೆಗೆ" ಎಂದು ಎರಡು ಅಡಿಗೆರೆ ಎಳೆದೇ ಬರೆದಿದ್ದೆ.

ವಿ.ಪಿ.ಪಿ.ಯಲ್ಲಿ ಬಂತು. ಅಂಚೆಯವರಿಗೆ ಹಣ ಕೊಡುವವರೆಗೆ ಕಟ್ಟು ಬಿಚ್ಚುವ ಹಾಗಿಲ್ಲ. ಕೊಟ್ಟು ಬಿಚ್ಚಿದರೆ, ಪ್ರತಿ ಚಿತ್ರದಲ್ಲೂ ಆರು ಗೆರೆ. ಗಿಟಾರಿನ ಪುಸ್ತಕ! ಕೂಡಲೇ ಖಾರವಾಗಿ ಪತ್ರ ಬರೆದೆ. ಹತ್ತು ದಿನಕ್ಕೆ ಒಂದು ಅಂಚೆ ಕಾರ್ಡು ಬಂತು: "ಯುಕುಲೆಲೆಗೂ ಆಗುತ್ತದೆ. ಬಿಚ್ಚಿದ ಪುಸ್ತಕವನ್ನು ಹಿಂದಕ್ಕೆ ಪಡೆಯುವುದಿಲ್ಲ."

ಬಿಚ್ಚದೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? ಆಗುತ್ತದೆ ಎಂದರೆ ಹೇಗೆ ಆಗುತ್ತದೆ? ಅದನ್ನು ಬರೆಯಲು ಆ ಕಾರ್ಡಿನಲ್ಲಿ ಬೇಕಾದಷ್ಟು ಜಾಗವಿತ್ತು. ಮುಂಬಯಿಯಲ್ಲಾಗಿದ್ದರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಾಲ್ಕು ಜನ ಕೇಳುವಂತೆ ಜಗಳ ಆಡುತ್ತಿದ್ದೆ. ಇಲ್ಲಿಂದ ಯಾರ ಮೇಲೆ ಕೂಗಲಿ?

ಇರುವುದರಲ್ಲೇ ಮಾಡೋಣವೆಂದು ಕೂತೆ. ಓದುವುದು ಎಡದಿಂದ ತಾನೇ? ಎಡದಿಂದ ನಾಲ್ಕು ಗೆರೆ ಎಣಿಸಿಕೊಂಡು, ಬಲದ ಎರಡನ್ನು ಹೆಬ್ಬೆರಳಿನಿಂದ ಮುಚ್ಚಿ ನುಡಿಸಿದೆ. ಎರಡು ವಾರ ಸಂಜೆಸಂಜೆ ಬೆರಳ ತುದಿ ಕೆಂಪಾಗುವವರೆಗೆ ನುಡಿಸಿದೆ. ಒಂದೂ ಹಾಡಿಗೆ ಕೂಡಲಿಲ್ಲ. ತಪ್ಪು ನನ್ನ ಕಿವಿಯದೆಂದುಕೊಂಡೆ, ಆಮೇಲೆ ವಯಸ್ಸಿನದೆಂದುಕೊಂಡೆ. ಗಂಡ ಅಂಗಳದಲ್ಲಿ ಊಟ ಮಾಡತೊಡಗಿದರು.

ಕೊನೆಗೆ ಗೌರಮ್ಮನವರೇ ರುದ್ರಯ್ಯನವರನ್ನು ಹಾರ್ಮೋನಿಯಂ ಸಮೇತ ಕರೆದುಕೊಂಡು ಬಂದರು. ನನ್ನ ಜಾಗಕ್ಕೆ ಬರಬೇಕಾದ ಮನುಷ್ಯನೇ ನನ್ನ ಜಗಲಿಯ ಮೇಲೆ! ಅರವತ್ತು ದಾಟಿದವರು, ಕಿಬ್ಬನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಭಜನೆ ಕಲಿಸುವವರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಆ ಕೆಲ್ಸ ನಂಗೆ ಬ್ಯಾಡ ಕಣವ್ವ. ಪೆಟ್ಗೆ ಹಿಂದೆ ಕುಂತ್ರೆ ಮಕ್ಳು ಮುಂದ್ಲಿಂದ ಎದ್ದು ಓಡೋಯ್ತವೆ. ಎಲ್ಲಿ, ನುಡ್ಸು."

ನುಡಿಸಿದೆ. ಅವರು ಕೈಯೆತ್ತಿ, "ಸಾಕು, ಸಾಕು!" ಎಂದರು. ಗೌರಮ್ಮ ನಕ್ಕರು. ರುದ್ರಯ್ಯನವರು ಪುಸ್ತಕ ತಿರುವಿಹಾಕಿದರು. ಇಂಗ್ಲಿಷ್ ಓದಲು ಬಾರದು. ಆದರೆ ಮೊದಲ ಪುಟದಲ್ಲಿ ಪಿಯಾನೋದ ಕಪ್ಪು ಬಿಳಿ ಮನೆಗಳ ಚಿತ್ರವಿತ್ತು, ಗಿಟಾರಿನ ಒಂದೊಂದು ತಂತಿಯಿಂದ ಒಂದೊಂದು ಮನೆಗೆ ಬಾಣದ ಗುರುತು.

"ಇದು ನಮ್ ಪೆಟ್ಗೇನೇ ಅಲ್ವಾ?" ಎಂದವರೇ ಹಾರ್ಮೋನಿಯಮ್ಮಿನಲ್ಲಿ ಆ ಆರು ಸ್ವರ ಒತ್ತಿದರು. ಆಮೇಲೆ ನನ್ನ ನಾಲ್ಕು ತಂತಿಗಳನ್ನು ಒಂದೊಂದಾಗಿ ಮೀಟಿಸಿ, ಅವನ್ನೂ ಹುಡುಕಿ ಒತ್ತಿದರು. ಎರಡು ಸಲ, ಮೂರು ಸಲ.

"ನೀನು ಮುಚ್ಚಬೇಕಾದ್ದು ಎಡಗಡೆ ಎರಡ್ನ ಕಣವ್ವ, ಬಲಗಡೇದಲ್ಲ. ಕೊನೇ ನಾಕು ತಂತಿಗೂ ನಿನ್ ನಾಕಕ್ಕೂ ಒಂದೇ ಅಂತರ. ನಿಂದು ಶ್ರುತಿ ಮ್ಯಾಲೈತೆ, ಅಷ್ಟೆ. ನಾನು ಗಂಡಸ್ರಿಗೆ ಬಿಳಿ ಒಂದ್ರಾಗೆ ಹಿಡ್ದ ಭಜ್ನೇನ ಹೆಂಗಸ್ರಿಗೆ ಬಿಳಿ ನಾಕ್ರಾಗೆ ಹಿಡಿಯಲ್ವಾ, ಅಂಗೇ."

"ನನ್ನ ಮೊದಲನೇ ತಂತಿಯ ದನಿ ಗಿಟಾರಿನದರಷ್ಟು ದಪ್ಪ ಇಲ್ಲವಲ್ಲ?"

"ಅದು ಒಂದು ಸ್ಥಾಯಿ ಮ್ಯಾಲೆ ಹತ್ತಿ ಕುಂತೈತೆ. ಕುಂತ್ಕಳ್ಲಿ ಬುಡು."

ಎಡದ ಎರಡು ಗೆರೆ ಮುಚ್ಚಿ 'ಜಿ' ಎಂದಿದ್ದ ಚಿತ್ರ ನೋಡಿದೆ. ಉಳಿದದ್ದು ಒಂದೇ ಚುಕ್ಕೆ: ಕೊನೆಯ ತಂತಿಯ ಮೂರನೇ ಮನೆ. ಫಿಲೋಮಿನಾ ಮೊದಲ ದಿನ ಹಿಡಿಸಿದ ಒಂದೇ ಬೆರಳಿನ ಜಾಗ! ನುಡಿಸಿದೆ. ರುದ್ರಯ್ಯನವರು ಅದನ್ನೇ ಪೆಟ್ಟಿಗೆಯಲ್ಲಿ ಹಿಡಿದರು. ಎರಡೂ ಕೂಡಿಕೊಂಡವು. ನನಗೆ ಅಳು ಬಂತು, ಅದರ ಹಿಂದೆಯೇ ಆ ಅಂಗಡಿಯವನ ಮೇಲೆ ಮತ್ತೆ ಸಿಟ್ಟು. "ಎಡದ ಎರಡನ್ನು ಬಿಡಿ" ಎಂದು ಮೂರು ಪದ ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಒಂದು ವಾರ ಕೂತು ಪ್ರತಿ ಚಿತ್ರದ ಎಡಕ್ಕೆ ಕಾಗದದ ಪಟ್ಟಿ ಅಂಟಿಸಿದೆ. ಹೆಸರುಗಳೂ ಬದಲಾದವು: ಪುಸ್ತಕದ 'ಜಿ' ನನ್ನಲ್ಲಿ 'ಸಿ', ಅದರ 'ಡಿ' ನನ್ನ 'ಜಿ'. ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ. ಐದು ಹಾಡು ಸಿದ್ಧವಾದವು.

ಸ್ಕೂಲ್ ಡೇ ದಿನ ವಾದ್ಯ ಕೊರಳಿಗೆ ಹಾಕಿಕೊಂಡು ಮಕ್ಕಳ ನಡುವೆ ಓಡಾಡುತ್ತಾ ನುಡಿಸಿದೆ. ಮೂವತ್ತು ಮಕ್ಕಳಲ್ಲಿ ಒಂದೂ ಎದ್ದು ಓಡಲಿಲ್ಲ. ಮೂರನೆಯ ಹಾಡಿಗೆ ತಾಯಂದಿರೂ ದನಿ ಸೇರಿಸಿದರು. ಕೊನೆಗೆ ಕಾರ್ಯದರ್ಶಿಗಳು ಮೈಕಿನ ಮುಂದೆ ನಿಂತು, ಸಂಗೀತ ಇಷ್ಟು ಚೆನ್ನಾಗಿ ಮೂಡಿಬರಲು ಕಾರಣರಾದ ಶ್ರೀ ರುದ್ರಯ್ಯನವರಿಗೆ ವಂದನೆ ಅರ್ಪಿಸಿದರು!

ಸಭಿಕರ ನಡುವಿನಿಂದ ರುದ್ರಯ್ಯನವರು ಎದ್ದರು. "ನಾನ್ಯಾವಾಗ ನುಡಿಸ್ದೆ ಸ್ವಾಮಿ? ಕಡ್ಲೆಪುರಿ ತಿಂತಾ ಇಲ್ಲೇ ಕುಂತಿದ್ನಲ್ಲ! ಆ ಟೀಚರಮ್ಮಂಗೆ ಹೇಳಿ."

ಜನ ಘೊಳ್ಳೆಂದು ನಕ್ಕರು. ಕಾರ್ಯದರ್ಶಿಗಳು, "ಅವ್ರಿಗೂ ಹೇಳಾನ, ಅವ್ರಿಗೂ" ಎಂದು ಮೈಕು ಬಿಟ್ಟು ಇಳಿದರು. ನನ್ನ ಹೆಸರು ಅವರಿಗೆ ನೆನಪಾಗಲಿಲ್ಲ.

ಮರುದಿನ ಕಾಯಂ ಮಾಡುವ ಕಾಗದವನ್ನು ಮೇಜಿನ ಮೇಲೆ ತಳ್ಳಿದರು. ಹೆಸರು, ವಯಸ್ಸು ಖಾಲಿ ಇದ್ದವು. 'ಸ್ವಂತ ಊರು' ಎಂಬಲ್ಲಿ ಮಾತ್ರ ಆಗಲೇ ಅವರ ಕೈಬರಹದಲ್ಲಿ 'ತಿಪಟೂರು' ಎಂದಿತ್ತು.

"ಇದನ್ನು ಯಾರು ಬರೆದದ್ದು?"

"ನಾನೇ ಕಣಮ್ಮ. ಪರಸ್ಥಳದವ್ರು ಅಂದ್ರೆ ಕಮಿಟಿಯೋರು ತಕರಾರು ತೆಗೀತಾರೆ. ಸೈನ್ ಹಾಕ್ಬುಡು."

ನನ್ನನ್ನು ಒಂದು ಮಾತು ಕೇಳಬಾರದೇ? ಹೊಡೆದುಹಾಕಲೆಂದೇ ಪೆನ್ನು ಎತ್ತಿದೆ. ಮುಂಬಯಿ ಎಂದು ಬರೆಯೋಣವೆಂದರೆ ಚಾಳಿನ ನಮ್ಮ ಖೋಲಿಯಲ್ಲಿ ಈಗ ಬೇರೆಯವರ ಸಂಸಾರವಿದೆ. ಹಾಗೆಂದು ತಿಪಟೂರು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಹೊರಗೆ ಮಕ್ಕಳು "ಮಿಸ್, ಬನ್ನಿ!" ಎಂದು ಕಿಟಕಿಯ ಸರಳು ಹಿಡಿದು ಕುಣಿಯುತ್ತಿದ್ದವು. ಸಹಿ ಹಾಕಿದೆ. ಆ ಒಂದು ಸಾಲನ್ನು ಬರೆದವಳು ನಾನಲ್ಲ ಎಂಬುದು ಮುಂಬಯಿಯಲ್ಲಿ ಕೂತು ಇದನ್ನು ಓದುವ ಕನ್ನಡಿಗರಾದ ನಿಮಗಾದರೂ ಗೊತ್ತಿರಲಿ.