ಕೆಂಪು ಚುಕ್ಕೆಯ ನಟ್ಟು

ನನ್ನ ಜೀಪು ಪೇಟೆಯ ನಡುವೆ ಢಬ್ ಅಂದರೆ ಚಳ್ಳಕೆರೆಯ ಜನ ಜೀಪನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಬುರ್ಖಾ ಹಾಕಿಕೊಂಡವಳು ಸ್ಟೇರಿಂಗ್ ಹಿಡಿದಿದ್ದಾಳೆ ಅಂತ ಮೊದಲೇ ಒಂದು ಕಣ್ಣಿಟ್ಟವರಿಗೆ ಬಾನೆಟ್ಟಿನೊಳಗಿನ ಪಟಾಕಿ ಹಬ್ಬದೂಟವಾಯಿತು. ಟೀ ಅಂಗಡಿಯ ಮುಂದೆ ನಿಂತವರು ಲೋಟ ಹಿಡಿದುಕೊಂಡೇ ನಗುತ್ತಿದ್ದರು. ನಾನು ತಲೆ ಹೊರಗೆ ಹಾಕಿ, ಸಾಕಾಯಿತಾ, ಇನ್ನೊಂದು ಸಿಡಿಸಲಾ ಅಂತ ಕೇಳಿ ಗೇರ್ ಬದಲಾಯಿಸುತ್ತಿದ್ದೆ. ಜೀಪು ಕೆಮ್ಮಿದರೆ ನನ್ನ ಮಾನ ಯಾಕೆ ಹೋಗಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗಂಡನ ಮನೆ ಬಿಟ್ಟು ತಂದೆಯ ಮನೆಗೆ ಬಂದ ಮೇಲೆ ಅಬ್ಬಾ ನನಗೆ ಬುದ್ಧಿ ಹೇಳಲಿಲ್ಲ, ಈ ಜೀಪಿನ ಕೀಲಿ ಕೊಟ್ಟರು. ಕಾರ್ಬೊರೇಟರ್ ಕಾಲದ ಹಳೇ ಪೆಟ್ರೋಲ್ ಜೀಪು. ಅಬ್ಬಾ ಮೆಕ್ಯಾನಿಕ್, ಬಳ್ಳಾರಿ ರಸ್ತೆಯ ಪಕ್ಕದ ತಗಡಿನ ಷೆಡ್ಡಿನಲ್ಲಿ ಅದನ್ನು ತಾವೇ ಕಟ್ಟಿ ನಿಲ್ಲಿಸಿದ್ದರು. ಅದರಲ್ಲಿ ನಾನು ಮೊಳಕಾಲ್ಮೂರಿಗೆ ಹೋಗಿ ಮಗ್ಗದ ಮನೆಗಳಿಂದ ರೇಷ್ಮೆ ಸೀರೆ ತಂದು ಪರಶುರಾಂಪುರ, ದೊಡ್ಡಉಳ್ಳಾರ್ತಿ ಕಡೆ ಮನೆಮನೆಗೆ ಒಯ್ದು ಮಾರುತ್ತೇನೆ. ಬಸ್ಸಿನಲ್ಲಿ ಸೀರೆಗಂಟು ಹೊತ್ತು ತಿರುಗಿ ನೋಡಿದ್ದೇನೆ, ಆಗುವ ಕೆಲಸವಲ್ಲ. ಜೀಪು ಹೋದರೆ ವ್ಯಾಪಾರ ಹೋಗುತ್ತದೆ, ವ್ಯಾಪಾರ ಹೋದರೆ ನಾನು ತಮ್ಮನ ಮನೆಯ ಒಲೆ ಮುಂದೆ ಕೂರುತ್ತೇನೆ. ಇಷ್ಟೇ ಲೆಕ್ಕ.

ಅಬ್ಬಾ ತೀರಿಕೊಂಡ ಮೇಲೆ ಷೆಡ್ಡು ತಮ್ಮನ ಕೈಗೆ ಬಂತು. ಅವನು ಕೆಟ್ಟ ಮೆಕ್ಯಾನಿಕ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೀಪು ಸಿಡಿಯಲು ಶುರುವಾದಾಗ ಪ್ಲಗ್ ಬದಲಾಯಿಸಿದ, ಪ್ಲಗ್ಗಿನ ವೈರುಗಳು ಅದಲುಬದಲಾಗಿವೆಯೇ ನೋಡಿದ, ಟೈಮಿಂಗ್ ಹಿಂದೆ ಮುಂದೆ ಮಾಡಿದ, ಕಾರ್ಬೊರೇಟರಿನ ಮೇಲಿನ ಮುಚ್ಚಳ ತೆಗೆದು ಪೆಟ್ರೋಲ್ ಬರುವ ಜೆಟ್ಟಿನ ತೂತುಗಳಿಗೆ ಗಾಳಿ ಊದಿದ. ಏನು ಮಾಡಿದರೂ ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲೇಟರ್ ಒತ್ತಿದರೆ ಕಾರ್ಬೊರೇಟರಿನ ಬಾಯಿಂದ ಢಬ್ ಅಂತ ಬೆಂಕಿ ಬರುವುದು ನಿಲ್ಲಲಿಲ್ಲ. ಕೊನೆಗೆ ಅವನು ಕೈ ಒರೆಸಿಕೊಂಡು, ಒಳಗಿನ ವಾಲ್ವ್ ಸುಟ್ಟಿದೆ, ಎಂಜಿನ್ ಮುಗಿಯಿತು, ಈ ಕಾಲದಲ್ಲಿ ಇದಕ್ಕೆ ಸಾಮಾನು ಹುಡುಕಿಕೊಂಡು ಯಾರು ಹೋಗುತ್ತಾರೆ ಅಂದ. ಗುಜರಿಯವನು ಸೋಮವಾರ ಬರುತ್ತಾನಂತೆ, ಮಾತಾಡಿಯೂ ಆಗಿದೆಯಂತೆ. ಎಲ್ಲವನ್ನೂ ಆಪಾ, ಆಪಾ ಅಂತ ಅಕ್ಕನಿಗೆ ಕೊಡಬೇಕಾದ ಮರ್ಯಾದೆಯಿಂದಲೇ ಹೇಳಿದ. ನನ್ನ ಜೀಪನ್ನು ನನ್ನನ್ನು ಕೇಳದೆ ಮಾರುವುದಕ್ಕೆ ಅಷ್ಟು ಮರ್ಯಾದೆ ಯಾಕೆ ಬೇಕಿತ್ತೋ ಗೊತ್ತಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆದರೆ ಕೂಗಾಡಿದರೆ ಜೀಪು ಸರಿಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಷೆಡ್ಡಿಗೆ ಹೋಗಿ ಬಾನೆಟ್ ಎತ್ತಿ, ಎಂಜಿನ್ ಓಡಲು ಬಿಟ್ಟು, ಸುಮ್ಮನೆ ನಿಂತು ಕೇಳಿದೆ. ಚಿಕ್ಕವಳಿದ್ದಾಗ ಅಬ್ಬಾಗೆ ಊಟದ ಡಬ್ಬಿ ತರುವ ನೆಪದಲ್ಲಿ ಈ ಷೆಡ್ಡಿನಲ್ಲೇ ಅರ್ಧ ದಿನ ಕಳೆಯುತ್ತಿದ್ದೆ. ಸೈಲೆನ್ಸರ್‌ನಿಂದ ಸಿಡಿದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿದೆ, ಕಾರ್ಬೊರೇಟರಿನಿಂದ ಸಿಡಿದರೆ ಅದು ಹಸಿದಿದೆ, ಗಾಳಿ ಹೆಚ್ಚು ಕುಡಿಯುತ್ತಿದೆ ಅಂತ ಅವರು ಯಾರಿಗೋ ಹೇಳಿದ್ದು ನನ್ನ ಕಿವಿಯಲ್ಲಿ ಉಳಿದಿತ್ತು. ಚೋಕ್ ಅರ್ಧ ಎಳೆದೆ. ಗಾಳಿಯ ದಾರಿ ಕಿರಿದಾಯಿತು, ಪೆಟ್ರೋಲ್ ಹೆಚ್ಚಾಯಿತು. ಆಕ್ಸಿಲೇಟರ್ ಒತ್ತಿದೆ, ಸಿಡಿಯಲಿಲ್ಲ. ಚೋಕ್ ಬಿಟ್ಟೆ, ಢಬ್. ಮತ್ತೆ ಎಳೆದೆ, ಸುಮ್ಮನಾಯಿತು. ವಾಲ್ವ್ ಸುಟ್ಟಿದ್ದರೆ ಚೋಕ್ ಎಳೆದ ಮಾತ್ರಕ್ಕೆ ವಾಸಿಯಾಗುತ್ತಿತ್ತೇ? ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿತ್ತು.

ಎಲ್ಲಿಂದ ಅಂತ ನೋಡಬೇಕಾದ ಜಾಗ ಒಂದೇ ಉಳಿದಿತ್ತು, ಕಾರ್ಬೊರೇಟರ್ ಎಂಜಿನ್ನಿನ ಮೇಲೆ ಕೂತಿರುವ ಬುಡ. ಅಲ್ಲಿಗೆ ತಮ್ಮ ಕೈ ಹಾಕಿರಲಿಲ್ಲ. ಯಾಕೆಂದರೆ ಅಲ್ಲಿನ ನಟ್ಟುಗಳ ಮೇಲೆ ಕೆಂಪು ಚುಕ್ಕೆ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಬ್ಬಾ ಯಾವ ನಟ್ಟನ್ನು ಬಿಗಿದರೂ ಕೊನೆಗೆ ಅದರ ಮೇಲೆ ಒಂದು ಚುಕ್ಕೆ ಕೆಂಪು ಬಣ್ಣ ಇಡುತ್ತಿದ್ದರು. ಬಣ್ಣದ ಪುಟ್ಟ ಶೀಷೆ ಯಾವಾಗಲೂ ಜೇಬಿನಲ್ಲೇ ಇರುತ್ತಿತ್ತು. ಇದು ನನ್ನ ಜವಾಬ್ದಾರಿ, ಬೇರೆಯವರು ಮುಟ್ಟಬೇಡಿ ಅಂತ ಅದರ ಅರ್ಥ. ಚಳ್ಳಕೆರೆಯ ಬೇರೆ ಷೆಡ್ಡಿನವರೂ ಕೆಂಪು ಚುಕ್ಕೆ ಕಂಡರೆ ಸ್ಪ್ಯಾನರ್ ಕೆಳಗಿಟ್ಟು ಗಾಡಿಯನ್ನು ಅಬ್ಬಾನ ಹತ್ತಿರ ಕಳಿಸುತ್ತಿದ್ದರು. ಅವರು ಬದುಕಿದ್ದಾಗ ಅದು ಸರಿಯೇ ಇತ್ತು. ಅವರು ಹೋದ ಮೇಲೆ ಆ ಚುಕ್ಕೆ ದರ್ಗಾದ ಹಸಿರು ಬಟ್ಟೆಯ ಹಾಗಾಯಿತು. ತಮ್ಮ ಅದರ ಸುತ್ತ ಇರುವುದೆಲ್ಲವನ್ನೂ ಬಿಚ್ಚುತ್ತಿದ್ದ, ಅದನ್ನು ಮಾತ್ರ ಬಿಟ್ಟು.

ನಾನು ಸ್ಪ್ಯಾನರ್ ಎತ್ತಿಕೊಂಡದ್ದನ್ನು ನೋಡಿ ತಮ್ಮ ಓಡಿ ಬಂದ. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಷೆಡ್ಡಿನ ಜಗಳ ಕನ್ನಡದಲ್ಲೇ, ಪಕ್ಕದ ಟಯರ್ ಅಂಗಡಿಯವರಿಗೂ ತಿಳಿಯಲಿ ಅಂತ.

"ಆಪಾ, ಅದನ್ನ ಮುಟ್ಬ್ಯಾಡ. ಅಬ್ಬಾನ ಕೈ ಐತೆ ಅದ್ರ ಮ್ಯಾಲೆ."

"ಅಬ್ಬಾನ ಕೈ ಐತೆ ಅಂತ ಗುಜರಿಗೆ ಹಾಕ್ತೀಯಾ? ನಾಳೆ ಅವ್ನು ಗ್ಯಾಸ್ ಕಟರ್ ಹಿಡಿದಾಗ ಈ ಚುಕ್ಕೆ ನೋಡಿ ಕೈ ಮುಗಿದು ವಾಪಸ್ ಹೋಗ್ತಾನಾ?"

ಅವನು ಮನೆಗೆ ಫೋನ್ ಮಾಡಿ ಅಮ್ಮಿಯನ್ನು ಕರೆಸಿದ. ಅಮ್ಮಿ ಆಟೋದಲ್ಲಿ ಬಂದು ಇಳಿದರು. ಅಬ್ಬಾ ಬಿಗಿದದ್ದನ್ನು ಮಗಳು ಬಿಚ್ಚಿದಳು ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ ಅಂತ ಅವರ ಸಂಕಟ. ನಾಲ್ಕು ಜನ ಈಗಾಗಲೇ ನನ್ನ ಬಗ್ಗೆ ಸಾಕಷ್ಟು ಆಡಿಕೊಂಡಿದ್ದಾರೆ, ಇದೊಂದು ಸೇರಿದರೆ ಭಾರವಾಗುವುದಿಲ್ಲ ಅಂದೆ. ಆಮೇಲೆ, ನಾನು ಹಟಮಾರಿಯೇ ಇರಬಹುದು, ಆದರೆ ಸುಮ್ಮನೆ ಬಿಚ್ಚುವವಳಲ್ಲ, ಮೊದಲು ನಿಮ್ಮೆಲ್ಲರ ಮುಂದೆ ತೋರಿಸುತ್ತೇನೆ, ಮನೆಯಿಂದ ಸ್ವಲ್ಪ ಶೇಂಗಾ ಎಣ್ಣೆ ತರಿಸಿ ಅಂದೆ. ಎಣ್ಣೆ ಮಿಲ್ಲುಗಳ ಊರಿನಲ್ಲಿ ಹುಟ್ಟಿದವಳಿಗೆ ಬೇರೆ ಎಣ್ಣೆ ಹೊಳೆಯಲಿಲ್ಲ.

ಎಣ್ಣೆ ಬಂತು. ಎಂಜಿನ್ ನಿಧಾನವಾಗಿ, ಎಡವುತ್ತಾ ಓಡುತ್ತಿತ್ತು. ಕೋಳಿಗರಿಯನ್ನು ಎಣ್ಣೆಯಲ್ಲಿ ಅದ್ದಿ ಕಾರ್ಬೊರೇಟರಿನ ಬುಡದ ಸುತ್ತ ಸ್ವಲ್ಪಸ್ವಲ್ಪವೇ ಸವರಿದೆ. ಮುಂದಿನ ಬದಿಯಲ್ಲಿ ಏನೂ ಆಗಲಿಲ್ಲ. ಎಡಕ್ಕೂ ಏನಿಲ್ಲ. ತಮ್ಮನ ಮುಖದಲ್ಲಿ ಗೆಲುವು ಕಾಣಿಸತೊಡಗಿತ್ತು. ಹಿಂದಿನ ಮೂಲೆಗೆ ಗರಿ ತಾಗಿಸಿದ ಕೂಡಲೇ ಎಣ್ಣೆ ಸರ್ರನೆ ಒಳಗೆ ಹೋಯಿತು, ಕಳ್ಳಗಾಳಿಯ ದಾರಿ ಮುಚ್ಚಿತು, ಎಂಜಿನ್ ಎಡವುವುದನ್ನು ನಿಲ್ಲಿಸಿ ಸರಾಗವಾಗಿ ಓಡಿತು. ಸ್ವಲ್ಪ ಹೊತ್ತಿಗೆ ಸೈಲೆನ್ಸರ್‌ನಿಂದ ತಿಳಿ ಹೊಗೆ ಬಂತು. ಷೆಡ್ಡೆಲ್ಲ ಬೋಂಡಾ ಕರಿದ ವಾಸನೆ. ಟಯರ್ ಅಂಗಡಿಯವನು ಒಳಗೆ ಇಣುಕಿ, ಏನ್ ಮಾಡ್ತಿದ್ದೀರಿ ಅಂತ ಕೇಳಿದ. ಅಮ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕುಬಿಟ್ಟರು.

ತಮ್ಮ ನಗಲಿಲ್ಲ. ಎಂಜಿನ್ ಆರಿಸಿದ. ಆದರೂ ಬೇಡ ಅಂತಲೂ ಅನ್ನಲಿಲ್ಲ. ನಾನು ಬಿಸ್ಮಿಲ್ಲಾ ಅಂದು ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಕೆಂಪು ಬಣ್ಣ ಚಕ್ಕೆಯಾಗಿ ಬಿರಿದು ನನ್ನ ಉಗುರಿನ ಮೇಲೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಆಗ ಅಳು ಬಂತು. ಅಳುತ್ತಲೇ ಉಳಿದದ್ದನ್ನೂ ಬಿಚ್ಚಿದೆ.

ಕಾರ್ಬೊರೇಟರ್ ಎತ್ತಿದಾಗ ಅದರ ಅಡಿಯಲ್ಲಿ ಇದ್ದದ್ದು, ಗಾಳಿ ನುಗ್ಗದಂತೆ ಸಂದಿಗೆ ಕೊಡುವ ಅಂಗಡಿಯ ಪ್ಯಾಕಿಂಗ್ ಅಲ್ಲ. ಗಟ್ಟಿ ಕಂದು ರಟ್ಟಿನಿಂದ ಕತ್ತರಿಸಿದ್ದು, ಅಂಚಿನಲ್ಲಿ ಸಣ್ಣ ಸಣ್ಣ ದುಂಡು ತೂತುಗಳು. ತಮ್ಮನಿಗೆ ಅದು ಏನೆಂದು ತಿಳಿಯಲಿಲ್ಲ, ನನಗೆ ನೋಡಿದ ಕೂಡಲೇ ತಿಳಿಯಿತು. ಮೊಳಕಾಲ್ಮೂರಿನಲ್ಲಿ ಮಗ್ಗದ ಮೇಲೆ ಮಾಲೆಯಂತೆ ನೇತಾಡುವ ಡಿಸೈನ್ ಅಟ್ಟೆ ಅದು. ಸೀರೆಯ ಅಂಚಿನಲ್ಲಿ ಯಾವ ಹೂವು, ಯಾವ ಹಕ್ಕಿ ಬರಬೇಕು ಅನ್ನುವುದು ಆ ತೂತುಗಳಲ್ಲಿರುತ್ತದೆ. ಹಳೆಯದಾದರೆ ನೇಕಾರರು ಬಿಸಾಕುವುದಿಲ್ಲ. ಗಡಿಗೆಗೆ ಮುಚ್ಚಳ ಮಾಡುತ್ತಾರೆ, ಅಲುಗಾಡುವ ಮಂಚದ ಕಾಲಿಗೆ ಕೊಡುತ್ತಾರೆ. ಇಲ್ಲಿ ಕಾರ್ಬೊರೇಟರಿಗೂ ಕೊಟ್ಟಿದ್ದರು. ತೂತುಗಳನ್ನು ನೂಲಿಗೆ ಹಾಕುವ ಗಂಜಿಯಿಂದ ಮುಚ್ಚಿದ್ದರು. ಹಿಂದಿನ ಮೂಲೆಯಲ್ಲಿ ಆ ಗಂಜಿ ಕಾವಿಗೆ ಒಣಗಿ ಉದುರಿಹೋಗಿತ್ತು. ಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದಲೇ.

 ಹೊಸ ಪ್ಯಾಕಿಂಗ್ ಹಾಳೆಯನ್ನು ತಮ್ಮನೇ ತಂದ. ಅದನ್ನು ಕಾರ್ಬೊರೇಟರಿನ ಬುಡದ ಮೇಲಿಟ್ಟು ಅಂಚಿನಗುಂಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಬೇಕಾದ ಆಕಾರಕ್ಕೆ ತಾನೇ ಕತ್ತರಿಸಿಕೊಳ್ಳುತ್ತದೆ. ನಾನು ಹಿಡಿದೆ, ಅವನು ತಟ್ಟಿದ.

ಸೋಮವಾರ ಗುಜರಿಯವನು ಬರುವ ಮೊದಲೇ ನಾವಿಬ್ಬರೂ ಮೊಳಕಾಲ್ಮೂರಿನ ದಾರಿ ಹಿಡಿದೆವು. ತಮ್ಮ ಪಕ್ಕದಲ್ಲಿ ಕೂತು ಒಂದು ಕಿವಿಯನ್ನು ಎಂಜಿನ್ನಿನ ಮೇಲೇ ಇಟ್ಟಿದ್ದ. ದಾರಿಯ ತಳಕು ಊರು ದಾಟಿತು. ಬಂಡೆಗುಡ್ಡಗಳ ಹತ್ತಿರದ ಏರಿನಲ್ಲಿ ಬೇಕೆಂದೇ ಆಕ್ಸಿಲೇಟರ್ ಪೂರ್ತಿ ಒತ್ತಿದೆ. ಜೀಪು ಒಂದು ಸಲವೂ ಕೆಮ್ಮದೆ ಏರಿತು. ನಾನು ಜೋರಾಗಿ ನಕ್ಕೆ, ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ತಿರುಗಿ ನೋಡಿದರು.

ನನಗೆ ಸೀರೆ ಕೊಡುವ ಹಿರಿಯ ನೇಕಾರರ ಮನೆಗೆ ಹೋಗಿ ಆ ಅಟ್ಟೆ ತೋರಿಸಿದೆ. ಅವರು ಮಗ್ಗದಿಂದ ಎದ್ದು ಬಂದು, ಬಾಗಿಲ ಬೆಳಕಿಗೆ ಹಿಡಿದು ನೋಡಿ ಗುರುತು ಹಿಡಿದರು. ನಾನು ಜ್ವರ ಬಂದು ಮಲಗಿದ್ದಾಗ ನನ್ನ ಬದಲು ಅಬ್ಬಾ ಸೀರೆ ತರಲು ಬಂದಿದ್ದರಂತೆ. ವಾಪಸ್ ಹೊರಡುವಾಗ ಜೀಪು ಇದೇ ಮನೆಯ ಮುಂದೆ ನಿಂತುಹೋಯಿತಂತೆ, ಬುಡದ ಪ್ಯಾಕಿಂಗ್ ಹರಿದಿತ್ತಂತೆ. ಅಂಗಡಿಗಳೆಲ್ಲ ಮುಚ್ಚಿದ್ದವು.

"ಅಟ್ಟೆ ನಾನೇ ಕೊಟ್ಟೆ ಕಣಮ್ಮಾ, ಗಂಜಿ ನಮ್ಮೋಳು ಕೊಟ್ಲು," ಅಂದರು. "ಊರು ಸೇರೋಗಂಟ ತಡೀಲಿ ಸಾಕು, ಹೋದೇಟಿಗೆ ಬಿಚ್ಚಿ ಬ್ಯಾರೆ ಹಾಕ್ತೀನಿ ಅಂದ್ರು ನಿಮ್ಮಪ್ಪ."

ಆ ವಾರವೇ ಅಬ್ಬಾಗೆ ಎದೆನೋವು ಬಂದದ್ದು. ಆಮೇಲೆ ಅವರು ಷೆಡ್ಡಿಗೆ ಇಳಿಯಲೇ ಇಲ್ಲ. ಬಿಗಿದ ಮೇಲೆ ಚುಕ್ಕೆ ಇಡುವುದು ಕೈಗೆ ಅಂಟಿದ ಅಭ್ಯಾಸ, ಇಟ್ಟಿದ್ದರು. ಅವರು ಬಿಚ್ಚಬೇಕೆಂದಿದ್ದ ನಟ್ಟನ್ನು ನಾವು ಇಷ್ಟು ದಿನ ಕಾವಲು ಕಾದಿದ್ದೆವು, ಅದರ ಹೆಸರಿನಲ್ಲಿ ಜೀಪನ್ನೇ ಕಳೆದುಕೊಳ್ಳಲು ಹೊರಟಿದ್ದೆವು. ತಮ್ಮ ಆ ಅಟ್ಟೆಯನ್ನು ನೇಕಾರರಿಂದ ವಾಪಸ್ ಇಸಿದುಕೊಂಡು ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಷೆಡ್ಡಿಗೆ ಮರಳಿದ ಮೇಲೆ ಅವನು ಒಳಗೆ ಹೋಗಿ ಅಬ್ಬಾನ ಬಣ್ಣದ ಶೀಷೆ ತಂದ. ಒಣಗಿದ್ದಕ್ಕೆ ಸ್ವಲ್ಪ ಟರ್ಪೆಂಟೈನ್ ಹಾಕಿ ಕಲಕಿದ್ದ. ಬಾನೆಟ್ ತಾನೇ ಎತ್ತಿ ಹಿಡಿದು ಶೀಷೆಯನ್ನು ನನ್ನ ಮುಂದೆ ಚಾಚಿದ.

"ಹಚ್ಚು ಆಪಾ. ಇನ್ಮ್ಯಾಲೆ ನಾನೂ ಮುಟ್ಟಲ್ಲ."

ನಾನು ಶೀಷೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅವನ ಕೈಗೇ ವಾಪಸ್ ಕೊಟ್ಟೆ.

"ಮುಟ್ಟು," ಅಂದೆ. "ಮತ್ತೆ ಕೆಮ್ಮಿದ್ರೆ ಮೊದ್ಲು ಇದನ್ನೇ ಬಿಚ್ಚಿ ನೋಡು."