ಮೂರು ತಿಂಗಳ ಬುತ್ತಿ

ನಮ್ಮ ಬೀದಿಯ ಬೇಕರಿಯಲ್ಲಿ ಕೇಕ್ ಮಾಡುತ್ತಿದ್ದವರನ್ನು ಎಲ್ಲರೂ ಕೇಕಣ್ಣ ಎಂದೇ ಕರೆಯುತ್ತಿದ್ದರು. ಐವತ್ತು ದಾಟುವಷ್ಟರಲ್ಲಿ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ ಮೂರೂ ಒಟ್ಟಿಗೆ ಅವರಿಗೆ ಗಂಟುಬಿದ್ದವು.

“ಮೈಯೊಳಗೆ ಸಣ್ಣಗೆ ಉರಿಯೂತ ಇದೆ. ದುಬಾರಿ ಪಥ್ಯ ಏನೂ ಬೇಡ, ಸುತ್ತಮುತ್ತ ಬೆಳೆಯೋ ಧಾನ್ಯ, ಸೊಪ್ಪು, ಕಾಳು ತಿನ್ನಿ,” ಎಂದರು ಡಾಕ್ಟರು.

ಅಂದಿನಿಂದ ಹೆಂಡತಿ ದಿನವೂ ಬುತ್ತಿ ಕಟ್ಟಿಕೊಟ್ಟರು. ಮೂರು ತಿಂಗಳಾದರೂ ತೂಕ ಜಗ್ಗಲಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಉರಿಯೂತ ಅರ್ಧಕ್ಕಿಳಿದಿತ್ತು. ಕೇಕಣ್ಣ ಆ ಚೀಟಿಯನ್ನು ಗಿರಾಕಿಗಳಿಗೆಲ್ಲ ತೋರಿಸಿದರು.

ಅದೇ ವಾರ ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಅವರ ಸ್ನಾನ, ಔಷಧಿ, ಗಂಜಿ ಮುಗಿಸಿ ಬೇಕರಿಗೆ ಓಡುವ ಕೇಕಣ್ಣನಿಗೆ ತನಗಾಗಿ ಬೇಯಿಸಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. ಉಳಿದ ಬನ್ನುಗಳನ್ನು ನಿಂತಲ್ಲೇ ತಿಂದು ದಿನ ದೂಡಿದರು.

ಮುಂದಿನ ಪರೀಕ್ಷೆಯಲ್ಲಿ ಉರಿಯೂತ ಮೊದಲಿಗಿಂತಲೂ ಏರಿತ್ತು.

“ಏನು ಮಾಡ್ಬೇಕು ಅಂತ ಗೊತ್ತು ಡಾಕ್ಟ್ರೇ, ಮಾಡೋಕೇ ಆಗ್ತಿಲ್ಲ,” ಎಂದರು.

ಮನೆಗೆ ಬಂದಾಗ ಹೆಂಡತಿ ಹಾಸಿಗೆಯಿಂದಲೇ ತೊದಲುತ್ತ ಕೇಳಿದರು: “ಎಷ್ಟು ಬಂತು ರೀ?”

“ಇನ್ನೂ ಇಳಿದಿದೆ ಕಣೇ,” ಎಂದ ಕೇಕಣ್ಣ, ಅವರ ಮುಖ ನೋಡಲಾರದೆ ದಿಂಬು ಸರಿಮಾಡತೊಡಗಿದರು.