ಅಬು ವಸೀಮರ ಮುಟ್ಟದ ಕಾಫಿ

ಅರಬರ ಊರು ಬೇತ್ ಜಾಲಾದ ನಮ್ಮ ಅಬು ವಸೀಮ್ ಜೆರುಸಲೇಮಿಗೆ ಹೊರಟರೆಂದರೆ, ಪರವಾನಗಿ ಚೀಟಿಯನ್ನು ಬಾವುಟದಂತೆ ಬೀಸುತ್ತಾ ಚೆಕ್‌ಪೋಸ್ಟಿನ ಸೈನಿಕನಿಗೇ ಹೇಳುತ್ತಾರೆ: "ಸಂಜೆಯೊಳಗೆ ಶಾಂತಿ ಮಾಡ್ಕೊಂಡು ಬರ್ತೀನಿ, ಗೇಟ್ ಹಾಕ್ಬೇಡಪ್ಪಾ!" ಅರಬರು, ಯಹೂದಿಗಳು ಎರಡೂ ಕಡೆಯವರು ಸೇರುವ ನಮ್ಮ ಗುಂಪಿನಲ್ಲಿ ಅವರಷ್ಟು ಗದ್ದಲದ ಮನುಷ್ಯ ಇನ್ನೊಬ್ಬರಿಲ್ಲ. ಯಾವ ಯಹೂದಿ ಮನೆಗೆ ಹೋದರೂ ಕೊಟ್ಟ ಕಾಫಿ ಮುಟ್ಟುವುದಿಲ್ಲ. ಕೋರಿಕೆ ಹೊತ್ತು ಬಂದ ಅತಿಥಿ ಅದು ಈಡೇರುವ ತನಕ ಕಾಫಿ ಕುಡಿಯುವುದಿಲ್ಲ, ಇದು ನಮ್ಮ ಅರಬರ ರೂಢಿ. ಅದು ಗೊತ್ತಿಲ್ಲದ ಮನೆಯವರು "ಸಕ್ಕರೆ ಸಾಲದಾ?" ಎಂದು ಡಬ್ಬಿ ತರಲು ಓಡುತ್ತಾರೆ. "ಸಕ್ಕರೆ ಇರ್ಲಿ ತಾಯಿ, ಶುಕ್ರವಾರ ನಮ್ಮನೆಗೆ ಊಟಕ್ಕೆ ಬರ್ತೀರೋ ಇಲ್ವೋ?" ಹೂಂ ಅಂದರೆ ಸಾಕು, ಒಂದೇ ಗುಟುಕಿಗೆ ಕಪ್ ಖಾಲಿ! "ತಣ್ಣಗಾಗ್ಬಿಟ್ಟಿದೆ, ಇನ್ನೊಂದು ಕೊಡಿ!" ಹೀಗೆ ನಲವತ್ತು ಮನೆ ಗೆದ್ದವರು ರುಹಾಮಾ ಎಂಬ ಯಹೂದಿ ತಾಯಿಯ ಮನೆಯಲ್ಲಿ ಮಾತ್ರ ಬಾಯಿಬಿಟ್ಟು ಕೇಳಿದ್ದೇ ಇಲ್ಲ, ಎಂಟು ವರ್ಷದಿಂದ ತಿಂಗಳಿಗೊಮ್ಮೆ ಹೋಗಿ, ಕಾಫಿ ಆರಲು ಬಿಟ್ಟು ಎದ್ದು ಬರುತ್ತಿದ್ದರು. ರುಹಾಮಾ ಮಗಳು ಬಸ್ ಸ್ಫೋಟದಲ್ಲಿ ಹೋದಳು, ಇವರ ಮಗ ವಸೀಮ್ ಸೈನಿಕರ ಗುಂಡಿಗೆ ಹೋದ. ಮೊನ್ನೆ ರುಹಾಮಾ ತಾವಾಗಿಯೇ ಕಪ್ಪನ್ನು ಅವರತ್ತ ಸರಿಸಿ, "ಬಿಸಿ ಇದ್ದಾಗ್ಲೇ ಕುಡೀರಿ ಅಬು ವಸೀಮ್, ಶುಕ್ರವಾರ ಬರ್ತೀನಿ" ಅಂದರು. ಒಂದೇ ಗುಟುಕಿನ ಮನುಷ್ಯ ಆ ಕಾಫಿಯನ್ನು ಅರ್ಧ ಗಂಟೆ ಕುಡಿದರು!